ಸಾವಂತ್ರೆವ್ವ ಮೊದಲು ಕಳಿಸಿದ ನಕ್ಷೆಗಳು

ಬಹಳ ಬಹಳ ಹಿಂದಿನ ಮಾತು, ಊರಿಗೆಲ್ಲ ಒಂದೇ ಕಂಪ್ಯೂಟರ್ ಇದ್ದ ಕಾಲ. ಗೋಟೂರು ಅಂತ ಒಂದು ನೇಕಾರರ ಊರು. ಅಲ್ಲಿ ಸಾವಂತ್ರೆವ್ವ ಅಂತ ಒಬ್ಬಾಕೆ ಇದ್ದಳಂತೆ. ಸೀರೆಯ ದಡಿಗೆ, ಅಂದರೆ ಅಂಚಿಗೆ, ನಕ್ಷೆ ಬರೆಯುವುದು ಆಕೆಯ ಕಸುಬು. ಆಕೆ ಬರೆದ ನವಿಲು ಮಗ್ಗದ ಮೇಲೆ ಕತ್ತು ತಿರುಗಿಸುತ್ತಿತ್ತು ಅಂತಾರೆ.

ಊರಿನ ನಕ್ಷೆಗಳೆಲ್ಲ ನೇಕಾರರ ಸಂಘದ ಕಂಪ್ಯೂಟರಿನಲ್ಲಿದ್ದವು, ಮನೆಗೊಂದು ಫೋಲ್ಡರ್. ಬರೆದ ಕಾಗದಗಳನ್ನು ಗೆದ್ದಲು ಎಂದೋ ತಿಂದಿತ್ತು. ಒಂದು ಮಳೆಗಾಲ ಹೊಳೆ ಸಂಘದ ಮೆಟ್ಟಿಲವರೆಗೂ ಬಂತು. ಹೆದರಿದ ಜನ, ದೂರದ ಪಟ್ಟಣದ ಕಂಪ್ಯೂಟರಿನಲ್ಲೂ ಒಂದು ಪ್ರತಿ ಇಡೋಣ ಅಂದರು.

ಅದಕ್ಕೊಂದು ಕಮಾಂಡ್ ಕೊಡಬೇಕು. ಪಟ್ಟಣದಿಂದ ಬಂದ ಚೀಟಿಯಲ್ಲಿ ಇದ್ದದ್ದು ಇಷ್ಟೇ: 'ಸಮಮಾಡು' ಅಂತ ಬರೆದು ಎರಡೂ ಜಾಗದ ಹೆಸರು ಹಾಕಿ. ಯಾವ ಹೆಸರು ಮೊದಲು ಅಂತ ಇರಲಿಲ್ಲ. ತುಂಬಿದ್ದನ್ನು ನೋಡಿ ಖಾಲಿಯದು ತುಂಬುತ್ತದೋ, ಖಾಲಿಯದನ್ನು ನೋಡಿ ತುಂಬಿದ್ದು ಖಾಲಿಯಾಗುತ್ತದೋ, ಯಾರಿಗೂ ಗೊತ್ತಿರಲಿಲ್ಲ.

ಸಂಘದ ಕಾರ್ಯದರ್ಶಿ ಬಸಲಿಂಗಪ್ಪನಿಗೆ ಅವಸರ. "ಎರಡೂ ಒಂದಾಗ್ತಾವು, ಅದರಾಗೇನೈತಿ" ಅಂತ ಎಲ್ಲ ಫೋಲ್ಡರನ್ನೂ ಒಟ್ಟಿಗೇ ಕಳಿಸಲು ಹೊರಟ. ಸಾವಂತ್ರೆವ್ವ ಅವನ ಕೈ ಹಿಡಿದಳಂತೆ.

"ತಡಿಯೋ ತಮ್ಮಾ. ಮೊದಲ ಒಂದು ಮನೀದು ಕಳಿಸಿ ನೋಡೂಣು."

ಯಾರ ಮನೆಯದು? ಕೂಡಿದವರೆಲ್ಲ ನೆಲ ನೋಡಿದರು.

"ನಂದ ಕಳಿಸು" ಅಂದಳು.

ಬಸಲಿಂಗಪ್ಪ ಪಟ್ಟಣದ ಹೆಸರು ಮೊದಲು ಬರೆದ, ಊರಿನದು ಆಮೇಲೆ. ಗುಂಡಿ ಒತ್ತಿದ. ಪಟ್ಟಣದ ಖಾಲಿ ಜಾಗ ನೋಡಿ, ಕಣ್ಣೆದುರೇ ಆಕೆಯ ಫೋಲ್ಡರೂ ಖಾಲಿಯಾಯಿತು. ಹದಿನೆಂಟು ನಕ್ಷೆ ಹೋದವು ಅಂತಾರೆ, ನೂರಾ ಹದಿನೆಂಟು ಅನ್ನುವವರೂ ಇದ್ದಾರೆ.

ಬಸಲಿಂಗಪ್ಪ ತಲೆ ಮೇಲೆ ಕೈ ಹೊತ್ತು ಕೂತ. ಸಾವಂತ್ರೆವ್ವ ಸೆರಗಿನಿಂದ ಮುಖ ಒರೆಸಿಕೊಂಡು, "ಈಗ ಗೊತ್ತಾತಲ್ಲ. ನಮ್ಮೂರಿನ ಹೆಸರು ಮೊದಲ ಬರಿ" ಅಂದಳು.

ಉಳಿದ ಮುನ್ನೂರು ಮನೆಯ ನಕ್ಷೆಗಳು ಒಂದೂ ಕೆಡದೆ ಪಟ್ಟಣ ಸೇರಿದವು. ಮರುವರ್ಷ ಹೊಳೆ ಸಂಘದೊಳಕ್ಕೇ ನುಗ್ಗಿ ಕಂಪ್ಯೂಟರನ್ನು ಕೊಚ್ಚಿಕೊಂಡು ಹೋಯಿತು. ಆದರೂ ಊರಿನ ಮಗ್ಗಗಳು ನಿಲ್ಲಲಿಲ್ಲ.

ಸಾವಂತ್ರೆವ್ವ ತನ್ನವನ್ನು ಮೊದಲಿನಿಂದ ಬರೆಯಲು ಕೂತಳು. ಕೆಲವು ಕೈಗೆ ಬಂದವು. ಕೆಲವು ಸಾಯುವವರೆಗೂ ಬರಲೇ ಇಲ್ಲವಂತೆ.

ಇವತ್ತಿಗೂ ಗೋಟೂರಿನಲ್ಲಿ ದೂರಕ್ಕೆ ನಕ್ಷೆ ಕಳಿಸುವವರು, ಗುಂಡಿ ಒತ್ತುವ ಮುಂಚೆ "ಎಲ್ಲಿಂದ, ಎಲ್ಲಿಗೆ" ಅಂತ ಗಟ್ಟಿಯಾಗಿ ಹೇಳುತ್ತಾರೆ. ಮೊದಲು ಕಳಿಸುವುದು ತಮ್ಮ ಮನೆಯದನ್ನೇ.