ಚೆಲ್ಲದ ತಂಬಿಗೆ

ಕರ್ಪೂರ ಕರಗಿಸಿದ ಹರಳೆಣ್ಣೆಯನ್ನು ತಂಬಿಗೆ ತುಂಬ ತಂದ ದೇಸಾಯರು ಗುಡುಗಿದರು: "ಇದನ್ನ ಜೀಪಿನ ಟ್ಯಾಂಕಿಗೆ ಹಾಕು. ಮೈಲೇಜ್ ಏರಲಿಲ್ಲಂದ್ರ ನನ್ನ ಜಾಗಾದಾಗ ನಿನ್ನ ಗ್ಯಾರೇಜ್ ಇರೂದಿಲ್ಲ."

ಮೆಕ್ಯಾನಿಕ್ ದಸ್ತಗೀರನಿಗೆ ದೇಸಾಯರು ಜೀಪು ಓಡಿಸುವ ರೀತಿ ಗೊತ್ತಿತ್ತು. ಆಕ್ಸಿಲರೇಟರ್ ತುಳಿದರೆ ತುಳಿದದ್ದೇ, ತಿರುವು ಬಂದ ಮೇಲೇ ಬ್ರೇಕು.

"ಔಷಧ ಇನ್ನೂ ಹದಕ್ಕ ಬಂದಿಲ್ರೀ ಸಾಹೇಬ್ರ," ಎಂದ. "ಒಂದು ವಾರ ತಂಬಿಗಿ ಹಿಂಗ ಪಕ್ಕದ ಸೀಟಿನ ಮ್ಯಾಲ ಇಟ್ಕೊಂಡು ಓಡಸ್ರಿ. ಹನಿ ಚೆಲ್ಲಿದ್ರ ಗುಣ ಹೋಗ್ತದ."

ವಾರದ ಮೇಲೆ ದೇಸಾಯರು ಬೀಗುತ್ತ ಬಂದರು. "ಬರೇ ವಾಸನಿಗೇ ಮೈಲೇಜ್ ಏರೇದ. ಈಗ ಟ್ಯಾಂಕಿಗೆ ಸುರುವು."

"ಸುರುವಿದ್ರ ತಂಬಿಗಿ ಬರಿದಾಗ್ತದ್ರೀ. ಆಮ್ಯಾಲ ನಿಮಗ ಸಾವಕಾಶ ಓಡಸ್ರಿ ಅಂತ ಹೇಳೋರು ಯಾರು?"

ದೇಸಾಯರು ತಂಬಿಗೆ ನೋಡಿದರು, ತಮ್ಮ ಬಲಗಾಲು ನೋಡಿಕೊಂಡರು. ಮೀಸೆಯಲ್ಲೇ ನಕ್ಕು, "ಗ್ಯಾರೇಜ್ ಇಲ್ಲೇ ಇರಲಿ," ಎಂದರು.

ಈಗಲೂ ಆ ಸೀಟಿನ ಮೇಲೆ ತಂಬಿಗೆ ಇರುತ್ತದೆ. ಒಳಗೆ ಮಾತ್ರ ಮಜ್ಜಿಗೆ.