ಮೂರು ತಿಂಗಳು ಮುಚ್ಚಿದ ಬಾವಿ

"ಬುದ್ಧೀ, ಒಬ್ಬನ ಮೇಲೆ ಸಂಶಯ ಬಂದರೆ ಏನು ಮಾಡಬೇಕು?"

ಕೇಳಿದವನು ಮಠದ ಶಿಷ್ಯ ಕರಿಬಸವ. ಗುರುಗಳು ಆಗಷ್ಟೇ ಬೆಳಗಿನ ಪೂಜೆ ಮುಗಿಸಿ ವಿಭೂತಿಯ ತಟ್ಟೆಯನ್ನು ಕೆಳಗಿಟ್ಟಿದ್ದರು.

"ಯಾರ ಮೇಲಪ್ಪಾ?"

"ನನ್ನ ಕೋಣೆಯಲ್ಲೇ ಮಲಗುವ ಮರುಳಯ್ಯನ ಮೇಲೆ. ಅವನ ಮನಸ್ಸಿನ ತುಂಬ ವಿಷ. ನನ್ನನ್ನು ಕಂಡರೆ ಮುಖ ತಿರುಗಿಸುತ್ತಾನೆ. ಅವನನ್ನು ಬೇರೆ ಮಠಕ್ಕೆ ಕಳುಹಿಸಿಬಿಡಿ."

ಗುರುಗಳು ಆಗಲಿ ಎನ್ನಲಿಲ್ಲ, ಆಗದು ಎಂದೂ ಹೇಳಲಿಲ್ಲ. ಒಂದು ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ರೈತನಿದ್ದ. ಅವನ ಬಾವಿಯಿಂದ ನೂರು ಹೆಜ್ಜೆ ಮೇಲಕ್ಕೆ ಒಬ್ಬ ಬಣ್ಣಗಾರ ಬಂದು ನೆಲೆಸಿದ. ನೂಲಿಗೆ ಕಪ್ಪು ಹಾಕುವುದು ಅವನ ಕಸುಬು. ಬಣ್ಣದ ಕೊಳೆನೀರು ಚೆಲ್ಲಲು ಅವನು ಒಂದು ಗುಂಡಿ ತೋಡಿದ. ಅಂದಿನಿಂದ ರೈತನಿಗೆ ಸಮಾಧಾನವಿಲ್ಲ. ಆ ಕೊಳೆ ನೆಲದೊಳಗಿನಿಂದ ತನ್ನ ಬಾವಿಗೇ ಇಳಿಯುತ್ತದೆ ಎಂದು ಅವನಿಗೆ ಅನುಮಾನ.

ಮೂರು ತಿಂಗಳ ಮೇಲೆ ಅವನು ಊರ ಹಿರಿಯರ ಮುಂದೆ ತನ್ನ ಬಾವಿಯ ಒಂದು ಕೊಡ ನೀರು ತಂದಿಟ್ಟ. ನೀರು ಕಪ್ಪಗಿತ್ತು, ನಾರುತ್ತಿತ್ತು. ಬಣ್ಣಗಾರ ದೇವರ ಮೇಲೆ ಆಣೆ ಇಟ್ಟ. ಯಾರೂ ನಂಬಲಿಲ್ಲ. ಅವನ ಹೆಂಡತಿ ತುಂಬು ಬಸುರಿ. ಆದರೂ ಸೋಮವಾರದೊಳಗೆ ಊರು ಬಿಡಬೇಕೆಂದು ತೀರ್ಮಾನವಾಯಿತು. ಶಿವನಿಗೆ ಅಂಜುವ ಒಬ್ಬ ಹಿರಿಯ ಮಾತ್ರ, ಮಣ್ಣು ನೀರು ಪರೀಕ್ಷಿಸಬಲ್ಲವನನ್ನು ಒಮ್ಮೆ ಕರೆಸೋಣ ಎಂದ.

ಪರೀಕ್ಷಕ ಬಂದ. ಮೊದಲು ಬಾವಿಯ ಹತ್ತಿರ ಹೋಗಲೇ ಇಲ್ಲ. ಗುಂಡಿಯಿಂದ ಬಾವಿಯ ಕಡೆಗೆ ಹತ್ತು ಹತ್ತು ಹೆಜ್ಜೆಗೆ ನೆಲದೊಳಕ್ಕೆ ಮಣ್ಣು ಕೊರೆಯುವ ಭೈರಿಗೆ ಇಳಿಸಿದ. ಮೇಲೆ ಬಂದ ಮಣ್ಣನ್ನು ಬಂದ ಕ್ರಮದಲ್ಲೇ ಬಿಳಿ ಬಟ್ಟೆಯ ಮೇಲೆ ಹಿಡಿ ಹಿಡಿಯಾಗಿ ಸಾಲಿಟ್ಟ. ಒಂದು ಕುಳಿ ಮುಗಿದರೆ ಭೈರಿಗೆಯನ್ನು ತೊಳೆದು, ಒರೆಸಿ, ಆಮೇಲೆ ಇನ್ನೊಂದು.

"ಏನಯ್ಯಾ, ಕಬ್ಬಿಣಕ್ಕೂ ಮಡಿಯಾ?" ಎಂದು ರೈತ ನಕ್ಕ.

"ಒಂದು ಕುಳಿಯ ಕೊಳೆಯನ್ನು ಇನ್ನೊಂದರ ತಲೆಗೆ ಕಟ್ಟಬಾರದಲ್ಲ, ಯಜಮಾನ್ರೇ."

ಗುಂಡಿಯ ಪಕ್ಕದ ಮಣ್ಣು ಮೊಳದಾಳದವರೆಗೆ ಕಪ್ಪಾಗಿತ್ತು. ಅದರ ಕೆಳಗೆ ಗಟ್ಟಿ ಜೇಡಿ. ಹತ್ತು ಹೆಜ್ಜೆ ಆಚೆ ಕಪ್ಪು ಇರಲಿಲ್ಲ. ಇಪ್ಪತ್ತರಲ್ಲೂ ಇರಲಿಲ್ಲ. ರೈತನ ನಗು ನಿಂತಿತು. ಬಣ್ಣಗಾರ ಈ ಮನುಷ್ಯನನ್ನೂ ಒಳಗೆ ಹಾಕಿಕೊಂಡಿದ್ದಾನೆ ಎಂದು ಈಗ ಪರೀಕ್ಷಕನ ಮೇಲೂ ಅವನಿಗೆ ಅನುಮಾನ ಬಂತು.

ಬಾವಿಯ ಬಳಿ ರೈತ ತಾನೇ ಒಂದು ಕೊಡ ಸೇದಿ ಪರೀಕ್ಷಕನ ಮೂಗಿನ ಕೆಳಗೆ ಹಿಡಿದ. ಪರೀಕ್ಷಕ ಅದನ್ನು ನೆಲಕ್ಕೆ ಸುರಿದ.

"ಸಾಕ್ಷೀನೇ ಚೆಲ್ಲಿಬಿಟ್ಟೆಯಲ್ಲೋ!"

"ಇದು ನಿಂತ ನೀರು. ಇದಕ್ಕೆ ಬಾವಿಯ ಸುದ್ದಿ ಗೊತ್ತು, ನೆಲದ ಸುದ್ದಿ ಗೊತ್ತಿಲ್ಲ. ಇಲ್ಲಿ ನೀರು ಸೇದಿ ಎಷ್ಟು ದಿನವಾಯಿತು?"

"ಮೂರು ತಿಂಗಳು. ಅವನು ಗುಂಡಿ ತೋಡಿದ ದಿನವೇ ಹೊಂಗೆ ಕೊಂಬೆ ಕಡಿದು ಬಾವಿಯ ಬಾಯಿ ಮುಚ್ಚಿಬಿಟ್ಟೆ. ಮೊನ್ನೆ ತೆಗೆದು ನೋಡಿದರೆ ಹೀಗೆ. ವಿಷ ಕುಡಿಯೋಕೆ ನನಗೇನು ಹುಚ್ಚಾ?"

ಪರೀಕ್ಷಕ ಎತ್ತು ಕಟ್ಟಿಸಿ ನೀರೆತ್ತುವ ಕಪಿಲೆ ಹೊಡೆಸಿದ. ಹೊತ್ತು ಏರುವವರೆಗೂ ಕಪ್ಪು ನೀರೇ ಬಂತು. ನೀರಿನ ಜೊತೆ ಕೊಳೆತ ಹೊಂಗೆ ಎಲೆ ಬಂತು, ಕಡ್ಡಿ ಬಂತು, ಮತ್ತೆ ಎಲೆ ಬಂತು. ಎತ್ತಿನ ಹಿಂದೆ ನಡೆಯುತ್ತಿದ್ದ ರೈತ ಅದನ್ನು ನೋಡಿದ. ಮಧ್ಯಾಹ್ನ ಕಳೆದ ಮೇಲೆ ತಳ ಕಂಡಿತು. ಶಿವನ ದಯೆ, ಸೆಲೆ ಬತ್ತಿರಲಿಲ್ಲ. ಹೊಸ ನೀರು ಊರಿತು. ಪರೀಕ್ಷಕ ತೊಳೆದ ಕೊಡ ಇಳಿಸಿ ಸೇದಿದ. ನೀರು ತಿಳಿಯಾಗಿತ್ತು. ಬಟ್ಟಲಿನಲ್ಲಿ ಕಾಯಿಸಿ ಇಂಗಿಸಿದ, ತಳದಲ್ಲಿ ಕಪ್ಪು ಉಳಿಯಲಿಲ್ಲ. ಆಗ ಒಂದು ಬೊಗಸೆ ನೀರು ಹಿಡಿದು ಕಣ್ಣಿಗೊತ್ತಿಕೊಂಡು ಕುಡಿದ.

ಹೊರಡುವ ಮುನ್ನ ಬಣ್ಣಗಾರನಿಗೆ, "ನಿನ್ನ ಕೊಳೆ ಇನ್ನೂ ಬಾವಿ ಮುಟ್ಟಿಲ್ಲ. ಆದರೂ ಮಳೆಗಾಲಕ್ಕೆ ಮುಂಚೆ ಗುಂಡಿಗೆ ಗಾರೆ ಹಾಕಿಸು" ಎಂದ. ರೈತನಿಗೆ, "ಅನುಮಾನ ಪಟ್ಟದ್ದು ತಪ್ಪಲ್ಲ, ಯಜಮಾನ್ರೇ. ಸೇದುವುದನ್ನು ಬಿಟ್ಟದ್ದು ತಪ್ಪು" ಎಂದ.

ಗುರುಗಳು ಕತೆ ನಿಲ್ಲಿಸಿದರು. ಕರಿಬಸವನ ಮುಖ ಅರಳಿತು.

"ಹಾಗಾದರೆ ಮರುಳಯ್ಯನನ್ನೂ ಒಮ್ಮೆ ಪರೀಕ್ಷೆ ಮಾಡಿಸಿಬಿಡಿ, ಬುದ್ಧೀ."

ಗುರುಗಳು ಅವನ ಹಣೆಗೆ ವಿಭೂತಿ ಹಚ್ಚುತ್ತಾ ಮೆಲ್ಲಗೆ ಕೇಳಿದರು:

"ನೀನು ಅವನೊಡನೆ ಮಾತಾಡಿ ಎಷ್ಟು ದಿನವಾಯಿತು, ಮಗು?"