ಹೊಗೆಯಲ್ಲಿ ಕೂತವನ ಮಾತು

ಹಳೆಯ ಸ್ಪೋರ್ಟ್ಸ್ ಕಾರೊಂದರ ಹೊಗೆ ಕೊಳವೆಯಲ್ಲಿ ಒಂದು ಆಕ್ಸಿಜನ್ ಸೆನ್ಸರ್ ಕೂತಿತ್ತು. ಹೊಗೆಯ ವಾಸನೆ ಹಿಡಿದು ಎಂಜಿನ್ನಿಗೆ ಪೆಟ್ರೋಲಿನ ಅಳತೆ ಹೇಳುವುದೇ ಅದರ ಕೆಲಸ. "ಹೆಚ್ಚಾಯಿತು, ಸ್ವಲ್ಪ ಕಡಿಮೆ ಕುಡಿಯಿರಿ" ಎಂದು ದಿನವಿಡೀ ಹೇಳುತ್ತಿತ್ತು.

"ಮೂವತ್ತು ವರ್ಷ ಓಡಿದವನು ನಾನು. ನನ್ನ ಉಸಿರು ಮೂಸಿ ನೋಡಲು ನೀನು ಯಾರು?" ಎಂದಿತು ಎಂಜಿನ್.

"ಯಾರೂ ಅಲ್ಲ. ನಿಮ್ಮ ಹೊಗೆ ಕುಡಿದು ಕುಡಿದು ನನಗೂ ಸಾಕಾಗಿದೆ" ಎಂದಿತು ಸೆನ್ಸರ್.

ಅದೇ ವಾರ ಕಾರು ಸರ್ವಿಸಿಗೆ ಹೋಯಿತು. ಮೆಕ್ಯಾನಿಕ್ ದಸ್ತಗೀರ್ ಸಾಬರು "ಹಳೇ ಗಾಡಿಗೆ ಇದೆಲ್ಲ ಯಾಕೆ" ಎಂದು ಸೆನ್ಸರ್ ಬಿಚ್ಚಿ ನಟ್ಟುಗಳ ತಟ್ಟೆಗೆ ಹಾಕಿದರು, ಅದರ ತೂತಿಗೆ ಒಂದು ಬೋಲ್ಟ್ ಬಿಗಿದರು. ಎಂಜಿನ್ ಹೊಟ್ಟೆ ತುಂಬ ಕುಡಿದು ಗುಡುಗಿತು. ತಿಂಗಳೊಳಗೆ ಒಂದು ಸಣ್ಣ ದಿಬ್ಬ ಹತ್ತಲಾರದೆ ಕೆಮ್ಮಿ ನಿಂತಿತು. ಕಾರನ್ನು ಮತ್ತೆ ಸಾಬರ ಗ್ಯಾರೇಜಿಗೇ ತಳ್ಳಿಕೊಂಡು ತಂದರು. ಸಾಬರು ಎಂಜಿನ್ನಿನ ಸ್ಪಾರ್ಕ್ ಪ್ಲಗ್ ಬಿಚ್ಚಿ ನೋಡಿದರೆ, ಅದು ನೀರೊಲೆಯ ಹಂಡೆಯ ತಳದಂತೆ ಕಪ್ಪಾಗಿತ್ತು.

ಎಂಜಿನ್ ಇನ್ನೂ ತಟ್ಟೆಯಲ್ಲೇ ಬಿದ್ದಿದ್ದ ಸೆನ್ಸರನ್ನು ಮೆಲ್ಲಗೆ ಕೇಳಿತು: "ಈಗ ಹೇಳಪ್ಪ, ನಾನು ಹೇಗಿದ್ದೇನೆ?"

"ಇಲ್ಲಿಗೆ ನಿಮ್ಮ ಹೊಗೆ ಬರುವುದಿಲ್ಲ" ಎಂದಿತು ಸೆನ್ಸರ್. "ಇಲ್ಲಿಂದ ನೋಡಿದರೆ ಚೆನ್ನಾಗಿಯೇ ಇದ್ದೀರಿ."